ಓರೆ ಬೆಳಕು

"ವಕೀಲಮ್ಮ ಇದನ್ನ ನೋಡಿ ಏನಂದ್ರು ಗೊತ್ತಾ?" ತಂಗಿ ಫೋಟೋಗಳನ್ನು ಅಣ್ಣನ ಮೇಜಿನ ಮೇಲೆ ಎಸೆದಳು. "ಗಂಡಿನ ಕಡೆಯವರಿಗೆ ಕಳಿಸೋ ಫೋಟೋನಾ ಇದು, ಅಂದ್ರು."

ಅಣ್ಣ ಒಂದನ್ನು ಕೈಗೆತ್ತಿಕೊಂಡ. ವಕೀಲಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೊನ್ನೆ ರಾತ್ರಿ ಅವಳ ಗಂಡ ಅವಳ ಕೂದಲು ಹಿಡಿದು ಮುಖವನ್ನು ಬಾಗಿಲ ಚೌಕಟ್ಟಿಗೆ ಗುದ್ದಿದ್ದ. ಕೆನ್ನೆ ಊದಿ, ಒಂದು ಕಣ್ಣು ಅರ್ಧ ಮುಚ್ಚಿತ್ತು. ಮರುದಿನ ಬೆಳಿಗ್ಗೆ ಸ್ಟುಡಿಯೋಗೆ ಓಡಿ ಬಂದವಳನ್ನು ಅಣ್ಣ ಗಿರಾಕಿಗಳನ್ನು ಕೂರಿಸುವ ಹಾಗೆಯೇ ಕಿಟಕಿಯ ಪಕ್ಕ ಕೂರಿಸಿದ್ದ. ಗಾಜಿಗೆ ತೆಳು ಬಿಳಿ ಬಟ್ಟೆ ಇಳಿಬಿಟ್ಟು, ಇನ್ನೊಂದು ಬದಿಗೆ ಬಿಳಿ ಹಲಗೆ ನಿಲ್ಲಿಸಿದ್ದ. ಮೊಡವೆಯ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಏನೂ ಕಾಣದಂತೆ ಮುಖ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಅವತ್ತು ಅಳುತ್ತಲೇ ತೆಗೆದಿದ್ದ. ಆದರೂ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತ್ತು. ಊತವು ತುಂಬುಗೆನ್ನೆಯಾಗಿ, ಹೆಪ್ಪುಗಟ್ಟಿದ ರಕ್ತ ತೆಳು ನೆರಳಾಗಿ ಬಂದಿತ್ತು.

"ನಾಳೆ ಕೋರ್ಟು," ಅಂದಳು ತಂಗಿ. "ಅವನು ನನ್ನ ಹತ್ರ ಸುಳೀಬಾರದು ಅಂತ ಆದೇಶ ಬೇಕಂದ್ರೆ ಏಟು ಕಣ್ಣಿಗೆ ಹೊಡೆಯೋ ಹಾಗೆ ಕಾಣಬೇಕಂತೆ. ಇಲ್ಲಾಂದ್ರೆ ಮೆಟ್ಟಿಲಲ್ಲಿ ಜಾರಿ ಬಿದ್ಲು ಅಂತಾನೆ, ಜಡ್ಜೂ ಹೂಂ ಅಂತಾರೆ. ಆಮೇಲೆ ಆ ಮನೇಲಿ ನಾನು ಉಳೀತೀನಾ ಅಣ್ಣ?"

ಅವನು ಅವಳ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದ. ಕಪ್ಪು ಆಗಲೇ ಅಂಚಿನಲ್ಲಿ ಹಳದಿಗೆ ತಿರುಗುತ್ತಿತ್ತು.

"ಸಂಜೆವರೆಗೂ ಇರು ಪುಟ್ಟಿ. ಬಿಸಿಲು ಇಳಿದಾಗ ಈ ಬಾಗಿಲಿಂದ ಓರೆಯಾಗಿ ಒಳಗೆ ಬರತ್ತೆ. ಗೋಡೆಗೆ ಬಳಿದ ಸುಣ್ಣದ ಗಂಟು ಕೂಡ ಎದ್ದು ಕಾಣತ್ತೆ. ಆ ಹೊತ್ತಲ್ಲಿ ನಾನು ಯಾರನ್ನೂ ಕೂರಿಸಲ್ಲ."

"ದೀಪ ಹಾಕಿ ಈಗಲೇ ತೆಗೆಯೋಕಾಗಲ್ವಾ?"

"ಸ್ಟುಡಿಯೋ ದೀಪದ ಕರಾಮತ್ತು ಅಂತಾನೆ ಅವನ ವಕೀಲ."

"ಸರಿ ಬಿಡು. ಗಿರಾಕಿ ಓಡಿಸೋ ಬೆಳಕು ತಂಗಿಗೆ." ನಗಲು ಹೋಗಿ ಅವಳು ಕೆನ್ನೆ ಹಿಡಿದುಕೊಂಡಳು.

ಹೊಸ್ತಿಲ ಮೇಲೆ ಬೆಳ್ಳಗೆ ಸುಡುತ್ತಿದ್ದ ಬಿಸಿಲು ಮಧ್ಯಾಹ್ನ ಕಳೆದಂತೆ ನೆಲದ ಮೇಲೆ ಚಾಚಿಕೊಂಡಿತು. ಬಿಳುಪು ಹೋಗಿ ಜೇನಿನ ಬಣ್ಣ ಬಂತು. ಗೋಡೆ ಏರುವಾಗ ತಾಮ್ರದಂತಾಯಿತು. ಎಷ್ಟು ಚೆಂದ ಎಂದು ಅಣ್ಣನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅವನು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ತಂಗಿಯನ್ನು ಗೋಡೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದ. ಅಷ್ಟರಲ್ಲಿ ಬಾಗಿಲಿಗೆ ಯಾರೋ ಅಡ್ಡ ನಿಂತರು.

"ಏನ್ ಭಾವ, ಹೆಂಡ್ತಿ ನಂದು, ಫೋಟೋ ನಿಮ್ದಾ?"

ತಂಗಿಯ ಗಂಡ ಒಳಗೆ ಬಂದವನೇ ದೀಪದ ಸ್ಟ್ಯಾಂಡನ್ನು ಒದ್ದ. ಬಲ್ಬು ಒಡೆದು ನೆಲದ ತುಂಬ ಗಾಜಾಯಿತು. "ಮಾತಾಡೋಣ, ಕೂತ್ಕೊಳ್ಳಿ," ಎನ್ನುತ್ತ ಎದುರು ಹೋದ ಅಣ್ಣನ ಹೊಟ್ಟೆಗೆ ಮೊಣಕಾಲಿನಿಂದ ಗುದ್ದಿದ. ಉಸಿರು ಸಿಕ್ಕಿಹಾಕಿಕೊಂಡು ಅಣ್ಣ ಗಾಜಿನ ಮೇಲೆಯೇ ಕುಸಿದ. ಗಂಡ ತಂಗಿಯ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡು ಅವಳನ್ನು ಎಬ್ಬಿಸಿ ಗೋಡೆಗೆ ಒತ್ತಿದ.

"ವಕೀಲರ ಹತ್ರ ಹೋಗ್ತೀಯಾ? ಅವರ ಗುಮಾಸ್ತನೇ ಹೇಳಿದ, ಏಟು ಕಾಣಲ್ಲ ಅಂದ್ರಂತಲ್ಲ. ಕಾಣೋ ಹಾಗೆ ಕೊಡ್ತೀನಿ, ತಗೊಂಡ್ಹೋಗು."

ಅವನು ಬಾಗಿಲು ಬಿಟ್ಟು ಸರಿದಿದ್ದರಿಂದ ಬಿಸಿಲು ಪೂರ್ತಿ ಒಳಗೆ ಬಂದಿತ್ತು. ಅವಳ ಕೆನ್ನೆಯ ಊತ, ಹಣೆಯ ಗೀರು, ಅವನ ಮುಷ್ಟಿಯ ಗೆಣ್ಣುಗಳು, ಒಂದೊಂದೂ ತನ್ನ ನೆರಳಿನ ಸಮೇತ ಎದ್ದು ನಿಂತವು. ಗಂಡನ ಕಾಲು ಅಣ್ಣನ ಕೈಗೆಟುಕುವಷ್ಟು ಹತ್ತಿರವಿತ್ತು.

ಕೊರಳಲ್ಲಿದ್ದ ಕ್ಯಾಮೆರಾ ಅಣ್ಣನ ಕಣ್ಣಿಗೇರಿತು.

ಮುಷ್ಟಿ ಎದ್ದು ಗಾಳಿಯಲ್ಲೇ ಒಂದು ಗಳಿಗೆ ನಿಂತಿತು, ಬಿತ್ತು. ತಂಗಿಯ ಬಾಯಿಂದ ಒದ್ದೆ ಸದ್ದು ಬಂತು. ಮುಷ್ಟಿ ಮತ್ತೆ ಎದ್ದಿತು. ಆಮೇಲೆಯೇ ಅಣ್ಣ ಕ್ಯಾಮೆರಾ ಬಿಟ್ಟು ಆ ಕಾಲನ್ನು ತಬ್ಬಿ ಮೀನಖಂಡಕ್ಕೆ ಹಲ್ಲು ಊರಿದ್ದು. ರಕ್ತದ ರುಚಿ ಬಂದರೂ ಬಿಡಲಿಲ್ಲ. ಗಂಡ ಅವನ ಬೆನ್ನಿಗೆ, ಕುತ್ತಿಗೆಗೆ ಗುದ್ದುತ್ತಿದ್ದಾಗ ಪಕ್ಕದಂಗಡಿಯ ದರ್ಜಿ ಗಜಕೋಲು ಹಿಡಿದು ನುಗ್ಗಿದ. ಹಿಂದೆಯೇ ಬಂದ ಇಬ್ಬರು ಗಂಡನ ಕೈ ತಿರುಚಿ ಅವನನ್ನು ಬೀದಿಗೆ ಎಳೆದೊಯ್ದರು. ದರ್ಜಿ ಪೊಲೀಸರಿಗೆ ಫೋನು ಮಾಡುತ್ತಿದ್ದದ್ದು ಒಳಗೂ ಕೇಳಿಸಿತು.

ತಂಗಿಯ ತುಟಿ ಸೀಳಿತ್ತು. ಅಣ್ಣ ಬಟ್ಟೆ ತಂದು ಒತ್ತಲು ಹೋದ. ಅವಳು ಅವನ ಕೈ ಸರಿಸಿದಳು.

"ಬಂತಾ?"

"ಬಂತು."

"ತೋರ್ಸು."

ಕ್ಯಾಮೆರಾವನ್ನು ಅವಳೇ ತೆಗೆದುಕೊಂಡಳು. ಮೊದಲ ಚಿತ್ರದಲ್ಲಿ ಮುಷ್ಟಿ ಗಾಳಿಯಲ್ಲಿತ್ತು, ಅವಳ ತುಟಿ ಇನ್ನೂ ಇಡಿಯಾಗಿತ್ತು. ಎರಡನೆಯದರಲ್ಲಿ ಮುಷ್ಟಿ ಅವಳ ಬಾಯಿಯ ಮೇಲಿತ್ತು. ಅವಳು ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿದಳು.

"ಎರಡನೇದು ಸ್ವಲ್ಪ ಕಪ್ಪಗಿದೆ. ಆದ್ರೆ ಚೆನ್ನಾಗಿ ಕಾಣತ್ತೆ. ಏನು ಮಾಡಿದೆ?"

"ಗೋಡೆ ತೀರಾ ಬೆಳ್ಳಗೆ ಬರ್ತಿತ್ತು," ಅಣ್ಣ ನೆಲ ನೋಡುತ್ತ ಹೇಳಿದ. "ನಡುವೆ ಕ್ಯಾಮೆರಾದಲ್ಲಿ ಬೆಳಕು ಒಂಚೂರು ಇಳಿಸಿದೆ."

"ಓ," ಅಂದಳು ಅವಳು. ಎರಡನೇ ಚಿತ್ರವನ್ನು ಮತ್ತೊಮ್ಮೆ ನೋಡಿ, "ಅಷ್ಟು ಮಾಡೋಕೆ ಹೊತ್ತಿತ್ತು ಅನ್ನು."

ಅವಳು ಕ್ಯಾಮೆರಾವನ್ನು ಅವನ ಕೈಗೆ ಹಾಕಿ, ಉರುಳಿದ್ದ ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ ಕೂತಳು. ಸೀಳಿದ ತುಟಿಯನ್ನು ಬಾಗಿಲ ಕಡೆ ತಿರುಗಿಸಿದಳು.

"ಇದನ್ನೂ ತೆಗಿ."

ಅಣ್ಣ ಕ್ಯಾಮೆರಾ ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಅಷ್ಟರಲ್ಲಿ ಬಿಸಿಲು ಅವಳ ಮುಖ ಬಿಟ್ಟು ಪಕ್ಕಕ್ಕೆ ಜಾರಿತ್ತು. ತಂಗಿ ಎದ್ದು, ಗಾಜಿನ ಚೂರುಗಳ ಮೇಲೆ ಸ್ಟೂಲನ್ನು ಕರಕರ ಎಳೆದು, ಬೆಳಕು ಇನ್ನೂ ಇದ್ದ ಜಾಗಕ್ಕೆ ಹಾಕಿಕೊಂಡು ಗಲ್ಲ ಎತ್ತಿದಳು.