ಮೂಲೆಯ ಕೋಣೆಯ ಮುಂಗಡ

ಬಿಸಿಲು ಇಳಿಯುವ ಹೊತ್ತು! ಹಗಲೆಲ್ಲ ಉರಿದು ದಣಿದ ದಿನಮಣಿಯು ತಾರಸಿಗಳ ಮೇಲೆ, ಕಿಟಕಿಯ ಸರಳುಗಳ ಮೇಲೆ, ಹಗ್ಗಕ್ಕೆ ಹಾಕಿದ ಒದ್ದೆ ಬಟ್ಟೆಗಳ ಮೇಲೆ ತನ್ನ ಕಡೆಯ ಹೊನ್ನನ್ನೆಲ್ಲ ಸುರಿದು, ನಾಳೆಗೇನು ಎಂಬ ಚಿಂತೆಯೇ ಇಲ್ಲದ ದಾನಶೂರನಂತೆ ಮನೆಗಳ ಹಿಂದೆ ಮರೆಯಾಗುತ್ತಿದ್ದ ಆ ಸಂಧ್ಯಾಸಮಯದಲ್ಲಿ, ಮಧ್ಯಾಹ್ನದ ತುಂತುರುಮಳೆಗೆ ನೆನೆದ ಬೀದಿಯ ಕಲ್ಲುಹಾಸು ಮಿರಮಿರನೆ ಮಿನುಗುತ್ತಿತ್ತು. ಚರಂಡಿಯ ನೀರು ಕೂಡ ಕ್ಷಣಕಾಲ ಸುವರ್ಣವಾಹಿನಿಯಾಗಿ, ತನ್ನ ಕುಲಗೋತ್ರವನ್ನೇ ಮರೆತು ಹರಿಯುತ್ತಿತ್ತು... ಅಂಥ ಹೊತ್ತಿನಲ್ಲಿ ಬಡವರ ಬೀದಿಯೂ ರಾಜಬೀದಿಯಂತೆ ಕಾಣುವುದುಂಟು, ಸಹೃದಯ ಓದುಗರೇ! ಸಂಜೆಬೆಳಕಿನ ಮಾತು ನಂಬಿ ಉದ್ಧಾರವಾದವರು ಯಾರೂ ಇಲ್ಲವೆಂದು ನಮಗೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನಂಬುತ್ತೇವೆ.

ಆ ಬೀದಿಯ ಮೂಲೆಯಲ್ಲಿ, ಮುಂಭಾಗಕ್ಕೆ ಆಳೆತ್ತರದ ಗಾಜು ಹಾಕಿಸಿದ್ದ ಒಂದು ಖಾಲಿ ಕೋಣೆ. ಆ ಗಾಜಿಗೆ ಹಣೆಯೊತ್ತಿ, ಅಂಗೈಗಳನ್ನು ಕಣ್ಣಿಗೆ ಮರೆಮಾಡಿಕೊಂಡು ಒಳಗೆ ಇಣುಕುತ್ತಿದ್ದಳು ಒಬ್ಬ ಹೆಂಗಸು. ನೆರೆಹೊರೆಯವರ ಹರಿದ ಅಂಚು, ಕಳಚಿದ ಗುಂಡಿ, ಬಿಗಿಯಾದ ಸೊಂಟಪಟ್ಟಿಗಳನ್ನು ಅಡುಗೆಮನೆಯ ಮಂದ ದೀಪದಡಿ ವರ್ಷಗಟ್ಟಲೆ ಹೊಲಿದು ಕಣ್ಣು ನೋಯಿಸಿಕೊಂಡಿದ್ದ ಆ ದರ್ಜಿ ಈಗ ಮನಸ್ಸಿನಲ್ಲೇ ಯಂತ್ರವನ್ನು ಬೆಳಕಿನ ಕಡೆಗೆ ಎಳೆದಿಟ್ಟಳು, ಕತ್ತರಿಸುವ ಮೇಜನ್ನು ಗೋಡೆಗೆ ಒತ್ತಿಸಿದಳು, ಬಂದವರು ಕೂರಲೆಂದು ಎರಡು ಕುರ್ಚಿಗಳನ್ನೂ ಹಾಕಿದಳು. ನಾಳೆ ಬೆಳಿಗ್ಗೆ ಮುಂಗಡ ಕೊಟ್ಟರೆ ಆ ಕೋಣೆ ಅವಳದು!

ರಸ್ತೆಯ ಆಚೆ ಬದಿ, ನಿಂತ ಕೈಗಾಡಿಯೊಂದರ ಮರೆಯಲ್ಲಿ, ಅವಳನ್ನೇ ನೋಡುತ್ತ ನಿಂತಿದ್ದವನು ಅವಳ ಗಂಡ. ಪಟಗಳಿಗೆ ಚೌಕಟ್ಟು ಕಟ್ಟುವ ಅಂಗಡಿಯ ಕೆಲಸಗಾರ. ಸದಾ ಇಸ್ತ್ರಿಯ ಅಂಗಿ, ಯಾರೇ ಎದುರಾದರೂ 'ಬನ್ನಿ, ಚಹಾ ಕುಡಿಯೋಣ' ಎಂಬ ಧಾರಾಳ... ಬೀದಿಯವರು ಅವನಿಗೆ 'ಸಾಹುಕಾರ' ಎಂದು ಹೆಸರಿಟ್ಟಿದ್ದರು. ಅರ್ಧ ತಮಾಷೆಗೆ, ಅರ್ಧ ಪ್ರೀತಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಹುಟ್ಟಿದ್ದೇ ಇಂಥವರನ್ನು ನೋಡಿ ಇರಬೇಕು! ಅವನಿಗೆ ಅವಳ ಬಳಿ ಹೋಗಲು ಕಾಲು ಏಳದು, ಬಿಟ್ಟು ಹೋಗಲೂ ಏಳದು. ಮಧ್ಯಾಹ್ನ ಬಡ್ಡಿಯಣ್ಣ ಆಡಿದ್ದ ಮಾತು ಕಿವಿಯಲ್ಲಿ ಇನ್ನೂ ಹಸಿಯಾಗಿತ್ತು.

"ನೋಡಿ ಸಾಹುಕಾರ್ರೇ, ನಾಳೆ ಸಂಜೆವರೆಗೂ ಕಾಯ್ತೀನಿ. ಆಮೇಲೆ ನಿಮ್ಮನ್ನ ಕೇಳಲ್ಲ, ಮನೆಗೇ ಬಂದು ನಿಮ್ಮ ಹೆಂಡತೀನ ಕೇಳ್ತೀನಿ."

ಬಡ್ಡಿಯಣ್ಣನೆಂದರೆ ಹಳೆಯ ಟೈರುಗಳ ವ್ಯಾಪಾರಿ. ಟೈರುಗಳ ರಾಶಿಯ ನಡುವೆ ಕುಳಿತು ಸಾಲ ಕೊಡುವವನು. ಪ್ರತಿ ಕಟ್ಟಿನ ಮೇಲಿನ ನೋಟಿಗೆ ಹಸಿರು ಶಾಯಿಯಲ್ಲಿ ಒಂದು ಗೀಟು ಎಳೆದು ಕೊಡುವುದು ಅವನ ಅಭ್ಯಾಸ.

ಇವನು ಆ ಬಾಗಿಲು ತಟ್ಟಿದ್ದೇಕೆ? ಕುಡಿತಕ್ಕಲ್ಲ, ಜೂಜಿಗಲ್ಲ. ಅಷ್ಟಿದ್ದಿದ್ದರೆ ಬೈದು ಹಗುರಾಗಬಹುದಿತ್ತು! ಪ್ರೀತಿಸಿ ಕೈಹಿಡಿದಿದ್ದ ಹೆಂಡತಿಯ ಮೇಲಿನ ಆ ಅಪರಿಮಿತ, ಆ ಅವಿವೇಕದ ಅನುರಾಗಕ್ಕೆ. ಜನ ತಮ್ಮ ಪಟಗಳನ್ನೆಲ್ಲ ಮೊಬೈಲಿನಲ್ಲೇ ಇಟ್ಟುಕೊಳ್ಳತೊಡಗಿ ಚೌಕಟ್ಟು ಕೇಳುವವರೇ ಇಲ್ಲದಾದಾಗ, ಅಂಗಡಿಯ ಯಜಮಾನರು ಕಣ್ಣಲ್ಲಿ ನೀರು ತಂದುಕೊಂಡು ಸಂಬಳವನ್ನು ಅರ್ಧಕ್ಕಿಳಿಸಿದ್ದರು. ಆ ಅರ್ಧವನ್ನು ಅವಳ ಕೈಯಲ್ಲಿಟ್ಟು, ಅವಳ ಮುಖ ಬಾಡುವುದನ್ನು ನೋಡುವ ಧೈರ್ಯ ಅವನಿಗಾಗಲಿಲ್ಲ. ಉಳಿದರ್ಧವನ್ನು ಸಾಲ ತಂದು ತುಂಬಿಸಿ, ಪೂರ್ತಿ ಸಂಬಳವೆಂದೇ ಕೊಟ್ಟ. ಒಂದೇ ಒಂದು ತಿಂಗಳು, ಮುಂದಿನ ತಿಂಗಳು ಸರಿಹೋಗುತ್ತದೆ ಎಂದುಕೊಂಡ. ಅಯ್ಯೋ ಮಂಕೇ! ಮುಂದಿನ ತಿಂಗಳು ಎಂಬುದು ಯಾರಿಗೆ ತಾನೇ ಸರಿಹೋಗಿದೆ? ವರ್ಷ ಕಳೆದರೂ ಅವನು ತಿಂಗಳು ತಿಂಗಳೂ ಸಂಬಳವನ್ನು ಸಾಲದಿಂದ ತುಂಬಿಸುತ್ತಲೇ ಇದ್ದ. ಆಮೇಲಾಮೇಲೆ ಬಡ್ಡಿಗೂ ಸಾಲ ತಂದ.

ಅವನು ಮನೆಗೆ ಬರುವಷ್ಟರಲ್ಲಿ ಅವಳು ದೀಪ ಹಾಕಿ, ಸಕ್ಕರೆ ಡಬ್ಬಿಯ ಹಿಂದಿನಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದು, ಒಳಗಿದ್ದುದನ್ನೆಲ್ಲ ಮಂಚದ ಮೇಲೆ ಸುರಿದು ಕಾಯುತ್ತಿದ್ದಳು.

"ಹಿಡಿದು ನೋಡ್ರೀ," ಎಂದಳು, ಚಿಕ್ಕ ಹುಡುಗಿಯಂತೆ ಕಣ್ಣರಳಿಸಿ. "ಮೂಲೆ ಕೋಣೆ ಮುಂಗಡಕ್ಕೆ ಅಂತ ನೀವು ಮನೆಖರ್ಚಿಗೆ ಕೊಟ್ಟಿದ್ದರಲ್ಲೇ ಉಳಿಸಿದ್ದು. ಒಂದಿನಾನೂ ನಿಮಗೆ ಗೊತ್ತಾಗಲಿಲ್ಲ ಅಲ್ವಾ? ಇದೆಲ್ಲ ನಿಮ್ಮ ಬೆವರು ಕಣ್ರೀ!"

ಅವನು ನೋಡಿದ. ರಾಶಿಯ ಮೇಲೆಯೇ ಇತ್ತು ಒಂದು ಹಸಿರು ಗೀಟು. ಅದರ ಪಕ್ಕದಲ್ಲಿ ಇನ್ನೊಂದು, ಕೆಳಗೆ ಮತ್ತೊಂದು... ಏನು ವಿಧಿವಿಲಾಸ! ಅವನು ತನ್ನ ನಿದ್ದೆಯನ್ನು, ಮಾನವನ್ನು ಒತ್ತೆಯಿಟ್ಟು ಚಕ್ರಬಡ್ಡಿಗೆ ತಂದದ್ದನ್ನು, ಅವಳು ತನ್ನ ನಾಲಿಗೆಯ ಆಸೆಗಳನ್ನೆಲ್ಲ ಅದುಮಿಟ್ಟು ಸಕ್ಕರೆ ಡಬ್ಬಿಯ ಹಿಂದೆ ಬಡ್ಡಿಯಿಲ್ಲದೆ ಮಲಗಿಸಿದ್ದಳು! ನಗಬೇಕೋ ಅಳಬೇಕೋ ತಿಳಿಯದೆ ಅವನು ಮಂಚದ ಕಾಲಿನ ಬಳಿ ನೆಲದ ಮೇಲೆ ಕುಸಿದ.

"ನನ್ನ ಬೆವರಲ್ಲ ಕಣೆ ಇದು. ಬಡ್ಡಿಯಣ್ಣನದು."

"ಸಾಕು ತಮಾಷೆ, ಏಳಿ..." ಎಂದವಳು ಅವನ ಮುಖ ನೋಡಿ ನಿಂತಳು.

ಅವನು ಹೇಳಿದ. ತಡವರಿಸಿ, ಹಿಂದುಮುಂದಾಗಿ, ನೆಲ ನೋಡುತ್ತ ಹೇಳಿದ.

"ಇನ್ನೂ ಯಾರ ಹತ್ರ?"

"ಅಂಗಡಿಗೆ ಗಾಜು ತಂದುಕೊಡ್ತಾನಲ್ಲ, ಅವನ ಹತ್ರ ಕೈಸಾಲ."

"ಇನ್ನೂ?"

"...ನಿನ್ನ ತಮ್ಮನ ಹತ್ರ."

"ಅವನಿಗೂ ಗೊತ್ತಾ?" ಅವಳ ಧ್ವನಿ ಒಡೆಯಿತು. "ಟೈರಿನವನಿಗೆ ಗೊತ್ತು, ಗಾಜಿನವನಿಗೆ ಗೊತ್ತು, ನನ್ನ ಒಡಹುಟ್ಟಿದವನಿಗೆ ಗೊತ್ತು. ನಾನೊಬ್ಬಳೇ ನೋಡಿ ಗೊತ್ತಿಲ್ಲದವಳು! ಇನ್ನೇನಿದೆ ಹೇಳಿಬಿಡಿ."

"ಸಾಲ ಇಷ್ಟೇ."

"ಸಾಲ ಕೇಳ್ತಿಲ್ಲ. ಇನ್ನೇನು ಮುಚ್ಚಿಟ್ಟಿದ್ದೀರಿ ಅಂತ ಕೇಳ್ತಿದ್ದೀನಿ."

ಹೆಂಡತಿಯರಿಗೆ ಅದು ಹೇಗೆ ತಿಳಿಯುತ್ತದೋ, ಓದುಗರೇ, ನಾನರಿಯೆ! ಅವನು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಆ ಕೈಗಳೊಳಗೇ ಹೇಳಿದ: "ಇವತ್ತು ಮಧ್ಯಾಹ್ನ ಸೇತುವೆ ಮೇಲೆ ನಿಂತಿದ್ದೆ. ನೀರು ನೋಡ್ತಾ... ತುಂಬಾ ಹೊತ್ತು."

ಅಷ್ಟು ಹೊತ್ತೂ ಕಲ್ಲಿನಂತೆ ನಿಂತಿದ್ದವಳು ಆಗ ಅವನ ಮೇಲೆ ಎರಗಿದಳು. ಎರಡೂ ಮುಷ್ಟಿಗಳಿಂದ ಅವನ ಭುಜಕ್ಕೆ, ಎದೆಗೆ ಗುದ್ದಿದಳು. "ಅಯ್ಯೋ ಪಾಪೀ! ಅಯ್ಯೋ ಪಾಪೀ!" ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆದು, ಮತ್ತೆ ಮೆಲ್ಲನೆ ಮುಚ್ಚಿಕೊಂಡಿತು.

"ಬಡ್ಡಿಯಣ್ಣನ ಸಾಲ ತೀರತ್ತೆ. ಇವತ್ತಲ್ಲ ನಾಳೆ, ಬೆನ್ನು ಮುರಿದಾದ್ರೂ ತೀರಿಸಬಹುದು. ನೀವು ಹೋಗಿದ್ರೆ? ಅದನ್ನ ಯಾರು ತೀರಿಸ್ತಿದ್ರು ನನಗೆ? ಪಕ್ಕದಲ್ಲೇ ಮಲಗಿದ್ದೆನಲ್ಲ ನಾನು... ಒಂದು ವರ್ಷ ಒಬ್ಬರೇ ಹೆದರಿಕೊಂಡು ಇದ್ರಲ್ಲ! ನನ್ನನ್ನ ಎಬ್ಬಿಸಬಾರದಾಗಿತ್ತಾ?"

ಗುದ್ದಿದ ಕೈಗಳೇ ಕೊನೆಗೆ ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದವು. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ.

ಬೆಳಗಾಯಿತು. ಅವಳ ಕಣ್ಣು ಬಾತಿತ್ತು, ಮಾತು ಮಾತ್ರ ನೆಟ್ಟಗಿತ್ತು. ಹೊಲಿಗೆಯ ಪೆಟ್ಟಿಗೆಯಿಂದ ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಅವನನ್ನು ಎದುರಿಗೆ ಕೂರಿಸಿದಳು. ಲೆಕ್ಕ ಹಾಕುವುದೆಂದರೆ ಅವಳಿಗೆ ಅದೇ ದಾರಿ. ಕೈಗೆ ಸಿಗದ್ದು ತಲೆಗೆ ಹತ್ತದು.

"ಈ ಬಿಳೀವು ನಿಮ್ಮ ನಿಜವಾದ ಸಂಬಳ. ಅರ್ಧ ಅಂದ್ರೆ ಅರ್ಧ, ಒಂದೂ ಜಾಸ್ತಿ ಇಡಬೇಡಿ. ಈ ಕಂದುಬಣ್ಣದ್ದು ನನ್ನ ಹೊಲಿಗೆಯದ್ದು. ಈ ಕೋಟಿನ ದೊಡ್ಡ ಗುಂಡಿಗಳು ಸಾಲ. ಹೂಂ, ಇಡಿ."

ಅವನು ಇಡುತ್ತ ಹೋದ. ದೊಡ್ಡ ಗುಂಡಿಗಳು ಮುಗಿದು, ಅವಳು ತನ್ನ ಹಳೆಯ ಕೋಟಿನದನ್ನೂ ಕತ್ತರಿಸಿ ಕೊಡಬೇಕಾಯಿತು. ವರ್ಷವೆಲ್ಲ ಕತ್ತಲೆಯಲ್ಲಿ ಭೂತಾಕಾರವಾಗಿ ಬೆಳೆದಿದ್ದ ಆ ಋಣ ಹಗಲಿನ ಬೆಳಕಿನಲ್ಲಿ ಮೇಜಿನ ಮೇಲೆ ಕಂಡಾಗ ಭಯಂಕರವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಅದಕ್ಕೊಂದು ಅಂಚಿತ್ತು, ಇಲ್ಲಿಗೆ ಮುಗಿಯಿತು ಎಂಬ ಕೊನೆಯಿತ್ತು. ಅವನು ಮೊದಲ ಬಾರಿಗೆ ಅದನ್ನು ಪೂರ್ತಿಯಾಗಿ ನೋಡಿದ.

ಬಾಡಿಗೆಗೆ ಇಷ್ಟು, ದಿನಸಿಗೆ ಇಷ್ಟು, ಗಾಜಿನವನಿಗೆ ತಿಂಗಳಿಗೆ ಇಷ್ಟು, ತಮ್ಮನಿಗೆ ಇಷ್ಟು ಎಂದು ಅವಳ ಬೆರಳುಗಳು ಬಿಳಿ, ಕಂದು ಗುಂಡಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿದವು. ಇಸ್ತ್ರಿಯವನ ಪಾಲು ಮಾಯವಾಯಿತು.

"ಅಂಗಿ ನಾನೇ ತೀಡಿ ಕೊಡ್ತೀನಿ. ಊರಿಗೆಲ್ಲ ಚಹಾ ಕುಡಿಸೋದೂ ಇವತ್ತಿಂದ ಬಂದ್."

"ಯಾರಾದ್ರೂ ಎದುರು ಸಿಕ್ರೆ?"

"ನೀರು ಕೊಡಿಸಿ. ಆರೋಗ್ಯಕ್ಕೆ ಒಳ್ಳೇದು."

ಅವನಿಗೆ ನಗು ಬಂತು, ಜೊತೆಗೇ ಕಣ್ಣೀರೂ ಬಂತು. ಇಷ್ಟೆಲ್ಲ ಆದಮೇಲೂ ಬಡ್ಡಿಯಣ್ಣನ ರಾಶಿ ಹಾಗೇ ಉಳಿದಿತ್ತು. ಅದನ್ನು ಕರಗಿಸಲು ಒಂದೇ ದಾರಿ. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಎದ್ದು ತಗಡಿನ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ನಡೀರಿ," ಎಂದಳು.

ಟೈರುಗಳ ನಡುವೆ ಬಡ್ಡಿಯಣ್ಣ ನೋಟುಗಳನ್ನೆಣಿಸಿ, ತನ್ನದೇ ಹಸಿರು ಗೀಟುಗಳನ್ನು ಕಂಡು ಹುಬ್ಬೇರಿಸಿದ. ಅಸಲು ಪೂರ್ತಿ ಸಂದಿತು. ಬಡ್ಡಿಯ ಬಾಕಿಗೆ ಸಾಲಲಿಲ್ಲ. ಉಳಿದದ್ದನ್ನು ಕಂತಿನಲ್ಲಿ ಕೊಡುವುದಾಗಿಯೂ, ಬಾಕಿಯ ಮೇಲೆ ಮತ್ತೆ ಬಡ್ಡಿ ಹಾಕಕೂಡದೆಂದೂ ಅವಳು ಅವನ ಮುಖಕ್ಕೇ ಹೇಳಿದಳು. ಅವನು ಅದೂ ಇದೂ ಗೊಣಗಿದ. ಅವಳು ಕದಲದೆ ನಿಂತದ್ದನ್ನು ನೋಡಿ ಕೊನೆಗೆ ಒಪ್ಪಿದ.

ಅಲ್ಲಿಂದ ಮೂಲೆಯ ಕೋಣೆಗೆ. ಕೋಣೆಯ ಒಡತಿ, ಬೆನ್ನು ಬಾಗಿದ ಅಜ್ಜಿ, ಬಾಗಿಲು ತೆರೆದು, ನೆಲ ಗುಡಿಸಿಸಿ ಕಾಯುತ್ತಿದ್ದರು. ಗಾಜಿನ ತುಂಬ ಬೆಳಗಿನ ಬಿಸಿಲು! ಪಕ್ಕದ ಅಂಗಡಿಗಳವರು ಹೊಸ ನೆರೆಯವರನ್ನು ನೋಡಲು ಹೊರಗೆ ಬಂದು ನಿಂತಿದ್ದರು.

"ಬಾಮ್ಮಾ, ಒಳಗೆ ಬಾ. ನಿನ್ನ ಕೋಣೆ ನೋಡು."

ಬೆಳಗಿನಿಂದ ಗಟ್ಟಿಯಾಗಿದ್ದ ಅವಳ ಜೀವ ಹೊಸಿಲ ಮುಂದೆ ಬಂದು ನಿಂತುಬಿಟ್ಟಿತು. ಆಗ ಅವನು ಮುಂದೆ ಬಂದ.

"ಅಜ್ಜೀ, ಇವಳ ಕೈಲಿ ಮುಂಗಡ ಕೊಡಕ್ಕಾಗಲ್ಲ. ದುಡ್ಡು ಇವಳು ಉಳಿಸಿದ್ಲು. ನಾನು ಕಳೆದೆ. ಸಂಬಳ ಅರ್ಧ ಆದದ್ದನ್ನ ಮುಚ್ಚಿಟ್ಟು ಸಾಲ ಮಾಡಿದೆ. ತಪ್ಪು ನಂದು."

"ಏನ್ ಸಾಹುಕಾರ್ರೇ ನೀವು..." ಎಂದು ಯಾರೋ ನಗಲು ಹೊರಟವರು ಅಲ್ಲಿಗೇ ನಿಲ್ಲಿಸಿದರು.

"ಸಾಹುಕಾರ ಅಲ್ಲ ಸ್ವಾಮಿ. ಸಾಲಗಾರ," ಎಂದನು. ಬೀದಿ ಕೇಳುವಂತೆ ಹೇಳಿದನು. ಅವನ ಕಿವಿಗಳು ಕೆಂಪಾಗಿದ್ದವು, ತಲೆ ತಗ್ಗಿರಲಿಲ್ಲ.

ಅಜ್ಜಿ ಸೊಂಟದಿಂದ ಬೀಗದ ಕೈ ತೆಗೆದರು. "ನನಗೂ ಹೊಟ್ಟೆಪಾಡು ಕಣಮ್ಮಾ. ಇನ್ನೊಬ್ಬರು ಕೇಳ್ತಿದ್ದಾರೆ, ಕೊಡಬೇಕಾಗುತ್ತೆ," ಎಂದು ನಿಧಾನವಾಗಿ ಬಾಗಿಲೆಳೆದು ಬೀಗ ಹಾಕಿದರು. ಪವಾಡ ನಡೆಯಲಿಲ್ಲ, ಓದುಗರೇ! ನಡೆಸುವ ಆಸೆ ನನಗೂ ಇತ್ತು.

ತಿರುವು ದಾಟುವವರೆಗೆ ಅವಳು ತಡೆದಳು. ಆಮೇಲೆ ನಡುಬೀದಿಯಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು. 'ಅಳಬೇಡ, ಇದಕ್ಕಿಂತ ದೊಡ್ಡ ಕೋಣೆ ಕೊಡಿಸ್ತೀನಿ' ಎಂಬ ಮಾತು ಹಳೆಯ ಅಭ್ಯಾಸದಂತೆ ಅವನ ನಾಲಿಗೆಯ ತುದಿಗೆ ಬಂತು. ಎಷ್ಟು ಸಿಹಿಯಾದ ಮಾತು! ಅದನ್ನು ಅವನು ನುಂಗಿದ.

"ನನ್ನ ಹತ್ರ ಏನೂ ಇಲ್ಲ ಕಣೆ," ಎಂದನು.

"ಗೊತ್ತು," ಎಂದಳು ಅವಳು, ಅಳುತ್ತಲೇ. ಮೂಗೊರೆಸಿಕೊಂಡು, ಅವನ ತೋಳಿನೊಳಗೆ ತನ್ನ ತೋಳು ತೂರಿಸಿ, ಅಷ್ಟೂ ಭಾರವನ್ನು ಅವನ ಮೇಲೆ ಬಿಟ್ಟು ನಡೆದಳು.

ಒಲಿದವರಿಗೆ ತುಂಬಿದ ಕೈಯನ್ನು ನೀಡುವುದು ಸುಲಭ. ಲೋಕ ಅದನ್ನೇ ಪ್ರೇಮವೆಂದು ಕೊಂಡಾಡುತ್ತದೆ. ಬರಿಗೈಯನ್ನು ಬಿಚ್ಚಿ ತೋರಿಸುವುದು ಎಷ್ಟು ಕಷ್ಟವೋ ಆ ಗಂಡಸು ಬಲ್ಲ. ತೋರಿಸಿದ ಬರಿಗೈಯನ್ನು ಹಿಡಿದು ನಡೆಯುವುದು ಎಷ್ಟು ನೋವೋ ಆ ಹೆಂಗಸು ಬಲ್ಲಳು. ಮನುಷ್ಯಹೃದಯಗಳು ನಿಜವಾಗಿ ಸೇರುವುದು ಬಹುಶಃ ಅಂಥದೊಂದು ಬೆಳಗಿನಲ್ಲೇ... ಅವರು ಮನೆಯ ಕಡೆಗೆ ನಡೆದರು. ಅವನಿಗೆ ಕೆಲಸಕ್ಕೆ ಹೊತ್ತಾಗಿತ್ತು.