ಟಕ್ ಎನ್ನುವ ಸದ್ದು

ಬೈಕಿನ ಟ್ಯಾಂಕಿನ ಅಡಿಗೆ ಕೈ ತೂರಿಸಿ ಪೆಟ್ರೋಲ್ ಪೈಪನ್ನು ಜೋಡಿಸುವ ಕನೆಕ್ಟರಿನ ಗುಂಡಿ ಒತ್ತಿದ್ದೇ ತಡ, ಪ್ಲಾಸ್ಟಿಕ್ಕು ಒಣಕಡ್ಡಿಯ ಹಾಗೆ ಮುರಿದು ಮೆಕ್ಯಾನಿಕ್‌ನ ಅಂಗೈಗೆ ಬಂತು. ಹಿಂದೆಯೇ ಒಂದಿಷ್ಟು ಪೆಟ್ರೋಲೂ ಚಿಮ್ಮಿತು. ಟ್ಯಾಂಕನ್ನು ಅರ್ಧ ಎತ್ತಿ ಹಿಡಿದಿದ್ದ ಹೆಂಡತಿ ಮುಖ ಆಚೆ ತಿರುಗಿಸಿದಳು.

"ನೋಡು, ಇದನ್ನ ನಂಬ್ಕೊಂಡು ಓಡಿಸ್ತಿದ್ದೀಯ" ಎಂದು ಅವನು ಮುರಿದ ತುಂಡನ್ನು ಮಗಳ ಮೂಗಿನ ಮುಂದೆ ಹಿಡಿದ. "ದಾರೀಲಿ ಮುರಿದಿದ್ರೆ ಪೆಟ್ರೋಲೆಲ್ಲ ಬಿಸಿ ಇಂಜಿನ್ ಮೇಲೆ. ಆಮೇಲೆ ಬೈಕೂ ಇಲ್ಲ, ನೀನೂ ಇಲ್ಲ."

"ಅದಕ್ಕೇ ಅಲ್ವಾ ಅಪ್ಪ ನಿನ್ ಹತ್ರ ತಂದಿರೋದು? ಬೇಗ ಹಾಕು, ಸಾಯಂಕಾಲದ ಡ್ಯೂಟಿ ಇದೆ" ಎಂದಳು ಮಗಳು. ಆಸ್ಪತ್ರೆಯಲ್ಲಿ ನರ್ಸು. ಪೆಟ್ರೋಲ್ ವಾಸನೆ ಬರುತ್ತಿದೆ ಎಂದು ಗೊತ್ತಿದ್ದೂ ಅಷ್ಟು ದೂರ ಬೈಕ್ ಓಡಿಸಿಕೊಂಡು ಬಂದಿದ್ದಳು. ಇಂಜಿನ್ ಆರುವ ತನಕ ಕಾಯೋಣ ಅಂದರೆ ಅದಕ್ಕೂ ತಾಳ್ಮೆಯಿಲ್ಲ. ಹಟದಲ್ಲಿ ಅಪ್ಪನ ಪಡಿಯಚ್ಚು. ಅಳಿಯ ಶೆಡ್ಡಿನ ಮೂಲೆಯಲ್ಲಿ ಹಳೇ ಟೈರುಗಳ ಮೇಲೆ ಕೂತು ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬೈಕಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಹಿಂದೆ ಕೂತು ಗಟ್ಟಿಯಾಗಿ ಹಿಡಿದುಕೊಳ್ಳುವುದು ಮಾತ್ರ, ಆದರೆ ಮಾತಿಗೇನೂ ಬರವಿರಲಿಲ್ಲ.

ಮೆಕ್ಯಾನಿಕ್ ಲೋಹದ ಹೊಸ ಕನೆಕ್ಟರುಗಳ ಪೊಟ್ಟಣ ಬಿಚ್ಚಿದ. ಎರಡು ಪೈಪು, ಎರಡು ಜೋಡಿ. ಒಂದರಲ್ಲಿ ಟ್ಯಾಂಕಿನಿಂದ ಪೆಟ್ರೋಲು ಇಂಜಿನ್ನಿಗೆ ಹೋಗುತ್ತದೆ, ಇನ್ನೊಂದರಲ್ಲಿ ಮಿಕ್ಕಿದ್ದು ವಾಪಸು ಬರುತ್ತದೆ. ಒಂದು ತುದಿಯನ್ನು ಇನ್ನೊಂದರೊಳಗೆ ಒತ್ತಿದಾಗ ಟಕ್ ಎನ್ನಬೇಕು. ಟಕ್ ಎಂದರೆ ಸರಿಯಾಗಿ ಕೂತಿತು ಎಂದು ಅರ್ಥ. ಒತ್ತಿದ ಮೇಲೆ ಒಮ್ಮೆ ಎಳೆದು ನೋಡುವವರೂ ಇದ್ದಾರೆ. ಅಂಥವರನ್ನು ಕಂಡರೆ ಇವನಿಗೆ ನಗು. "ಎಳ್ದು ನೋಡೋದು ಕಲಿಯೋರು. ಕಿವಿ ಇರೋನಿಗೆ ಅದ್ಯಾಕೆ?" ಎನ್ನುತ್ತಿದ್ದ. ಊರವರು ಅವನಲ್ಲಿಗೆ ಬರುತ್ತಿದ್ದದ್ದೂ ಆ ಕಿವಿಯನ್ನು ನಂಬಿಯೇ. ಬೈಕು ಬಾಗಿಲಿಗೆ ಬರುವ ಮೊದಲೇ ಅದರ ಕಾಯಿಲೆ ಹೇಳಿಬಿಡುತ್ತಾನೆ ಎಂಬ ಹೆಸರಿತ್ತು.

ಆ ಹೆಸರನ್ನು ಈಗ ಕಾಯುತ್ತಿದ್ದವಳು ಹೆಂಡತಿ. ಮೊದಮೊದಲು ಅವಳೂ ಅವನದು ಜಾಣಗಿವುಡು ಅಂದುಕೊಂಡಿದ್ದಳು. ಗ್ಯಾಸ್ ತರಬೇಕು ಅಂದರೆ ಕೇಳಿಸುತ್ತಿರಲಿಲ್ಲ. ಯಾವ ಗಂಡನಿಗೆ ತಾನೇ ಕೇಳಿಸುತ್ತದೆ? ಆಮೇಲೆ ಕುಕ್ಕರಿನ ಸೀಟಿಯೂ ಕೇಳಿಸಲಿಲ್ಲ, ಬಾಗಿಲು ಬಡಿದದ್ದೂ ಕೇಳಿಸಲಿಲ್ಲ. ಒಂದು ದಿನ, ಡಾಕ್ಟರಿಗೆ ತೋರಿಸೋಣ್ವಾ ಎಂದಿದ್ದಕ್ಕೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಿಟ್ಟಿದ್ದ. "ಕಿವುಡನ ಹತ್ರ ಯಾರೇ ಗಾಡಿ ತರ್ತಾರೆ? ಮಗಳ ಕಿವಿಗೇನಾದ್ರೂ ಹಾಕಿದ್ಯೋ, ಇನ್ನು ನಾನು ಶೆಡ್ಡಿಗೆ ಕಾಲಿಡಲ್ಲ." ಅಂದಿನಿಂದ ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಗಿರಾಕಿಗಳು ಹೇಳಿದ್ದನ್ನು ಅವನ ಎದುರು ನಿಂತು ಇನ್ನೊಮ್ಮೆ ಗಟ್ಟಿಯಾಗಿ ಹೇಳುವುದು ಅವಳ ಕೆಲಸವಾಗಿತ್ತು.

ಅವನು ಮೊದಲನೆಯದನ್ನು ಒತ್ತಿದ. ಟಕ್. ಅವಳ ಎದೆ ಹಗುರಾಯಿತು.

ಎರಡನೆಯದು ಟ್ಯಾಂಕಿನ ಹಿಂಬದಿಯ ಮೂಲೆಯಲ್ಲಿತ್ತು, ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಅವನು ಹಲ್ಲು ಕಚ್ಚಿ ಒತ್ತಿದ. ಅವಳು ಮೈಯೆಲ್ಲ ಕಿವಿಯಾಗಿ ಕಾದಳು. ಟೈರಿನ ಮೇಲಿಂದ ಅಳಿಯನ ಮಾತು ಕೇಳಿಸಿತು, ರಸ್ತೆಯಲ್ಲಿ ಲಾರಿಯೊಂದು ಹೋಗಿದ್ದು ಕೇಳಿಸಿತು. ಬೇರೇನೂ ಇಲ್ಲ.

"ಹ್ಞಾ, ಕೂತ್ಕೊಂಡ್ತು" ಎಂದು ಅವನು ಕೈ ಹೊರಗೆ ತೆಗೆದ.

"ರೀ, ಒಂದ್ಸಲ ಎಳ್ದು ನೋಡಿ."

"ಏನು?"

"ಎಳ್ದು ನೋಡಿ ಅಂದೆ!"

ಅವನು ಅಳಿಯನ ಕಡೆ ತಿರುಗಿ ನಕ್ಕ. "ನೋಡಿದ್ರಾ ಅಳಿಯಂದ್ರೇ? ನಿಮ್ಮತ್ತೆ ನಂಗೆ ಕೆಲಸ ಕಲಿಸ್ತಾಳೆ." ಅಳಿಯನೂ ನಕ್ಕ. ಇನ್ನೊಂದು ಮಾತಾಡಿದರೆ ಎಲ್ಲರೆದುರು ಗಂಡನ ಮಾನ ತೆಗೆದ ಹಾಗೆ. ಆಡದಿದ್ದರೆ? ಅಷ್ಟರಲ್ಲಿ ಅವನು ಟ್ಯಾಂಕಿನೊಳಗಿನ ಪಂಪಿನ ವೈರು ಸಿಕ್ಕಿಸಿ, ಟ್ಯಾಂಕ್ ಇಳಿಸಿ, ಬೋಲ್ಟ್ ಬಿಗಿದು, ಕೈ ತೊಳೆಯಲು ಗೋಡೆಯ ನಲ್ಲಿಯತ್ತ ಹೊರಟಿದ್ದ.

ಮಗಳು ಸೀಟಿಗೆ ಕಾಲು ಹಾಕಿದಳು. "ಬನ್ನಿ ರೀ, ಹತ್ತಿ" ಎಂದು ಗಂಡನನ್ನು ಕರೆಯುತ್ತ ಕೀಲಿಗೆ ಕೈಯಿಟ್ಟಳು. ಕೀಲಿ ತಿರುಗಿದರೆ ಪಂಪು ಓಡುತ್ತದೆ, ಓಡಿದರೆ ಪೆಟ್ರೋಲು ಜೋರಾಗಿ ನುಗ್ಗುತ್ತದೆ. ಇಂಜಿನ್ನಿನಿಂದ ಇನ್ನೂ ಶಾಖ ಹೊಡೆಯುತ್ತಿತ್ತು.

ಅವಳು ಮಗಳ ಕೈಯನ್ನು ತಳ್ಳಿ ಕೀಲಿಯನ್ನು ಕಿತ್ತುಕೊಂಡಳು. "ಇಳಿ ಕೆಳಗೆ."

"ಏನಮ್ಮಾ ನಿಂದು?"

"ಇಳಿ ಅಂದ್ನಲ್ಲ! ಅದು ಕೂತಿಲ್ಲ. ಸದ್ದು ಬರ್ಲಿಲ್ಲ."

"ಅಪ್ಪ ಕೂತ್ಕೊಂಡ್ತು ಅಂದ್ನಲ್ಲ?"

"ನಿಮ್ಮಪ್ಪಂಗೆ ಕೇಳ್ಸಲ್ಲ ಕಣೇ."

ಹೇಳಿದ ಮೇಲೆ ಅವಳಿಗೆ ಅಳು ಬಂತು. ಮಗಳು ನಂಬಲಿಲ್ಲ. ಗೋಡೆಯ ಕಡೆ ತಿರುಗಿ "ಅಪ್ಪಾ" ಎಂದಳು. ಅವನು ಸೋಪು ಉಜ್ಜುತ್ತಿದ್ದ. "ಅಪ್ಪಾ!" ಇನ್ನಷ್ಟು ಜೋರಾಗಿ. ಅವನು ಉಗುರಿನ ಸಂದಿಯ ಮಸಿಯನ್ನು ತೆಗೆಯುತ್ತಲೇ ಇದ್ದ. ಅಳಿಯ ಟೈರಿನ ಮೇಲಿಂದ ಎದ್ದು ಬಂದ.

ನಲ್ಲಿ ನಿಲ್ಲಿಸಿ ತಿರುಗಿದಾಗ ಮೂವರೂ ತನ್ನನ್ನೇ ನೋಡುತ್ತಿದ್ದದ್ದು ಅವನಿಗೆ ಕಂಡಿತು. ಹೆಂಡತಿಯ ಕೈಯಲ್ಲಿ ಕೀಲಿ. ಅವನು ಒಂದೊಂದೇ ಮುಖ ನೋಡಿದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬಂದ, ಬಾಗಿದ, ಬೋಲ್ಟ್ ಸಡಿಲಿಸಿದ. ಎಂದಿನಂತೆ ಅವಳು ಟ್ಯಾಂಕ್ ಎತ್ತಿ ಹಿಡಿದಳು.

ಅವನು ಕೈ ತೂರಿಸಿ ಎರಡನೆಯ ಪೈಪನ್ನು ಮೆಲ್ಲಗೆ ಎಳೆದ. ಅದು ಸಲೀಸಾಗಿ ಕೈಗೆ ಬಂತು. ತುದಿಯಿಂದ ಒಂದು ಹನಿ ಬಿಸಿ ಇಂಜಿನ್ನಿನ ಮೇಲೆ ಬಿದ್ದು ಆರಿಹೋಯಿತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಅವಳನ್ನು ನೋಡಿದ, ಹೆಂಡತಿಯನ್ನು ನೋಡಲಿಲ್ಲ.

"ಇಂಜಿನ್ ಆರ್ಲಿ" ಎಂದ. ಎಲ್ಲರೂ ಕಾದರು. ಡ್ಯೂಟಿಗೆ ಹೊತ್ತಾಯಿತೆಂದು ಈ ಸಲ ಮಗಳು ಅನ್ನಲಿಲ್ಲ.

ಇಂಜಿನ್ ತಣ್ಣಗಾದ ಮೇಲೆ ಅವನು ತುದಿಗಳೆರಡನ್ನೂ ಬಟ್ಟೆಯಿಂದ ಒರೆಸಿ, ಜೋಡಿಸಿ, ಎರಡೂ ಹೆಬ್ಬೆರಳು ಕೊಟ್ಟು ಒತ್ತಿದ. ಟಕ್. ಬಾಗಿಲ ಬಳಿ ನಿಂತಿದ್ದ ಅಳಿಯನಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಬಂತು. ಅವನು ಮಾತ್ರ ಒತ್ತುತ್ತಲೇ ಇದ್ದ. ಕತ್ತಿನ ನರ ಉಬ್ಬಿತ್ತು, ಉಗುರುಗಳು ಬಿಳಿಚಿಕೊಂಡಿದ್ದವು.

ಅವಳು ಟ್ಯಾಂಕನ್ನು ಒಂದು ಕೈಗೆ ಬದಲಾಯಿಸಿಕೊಂಡು ಇನ್ನೊಂದನ್ನು ಅವನ ಹೆಬ್ಬೆರಳುಗಳ ಮೇಲಿಟ್ಟಳು.

"ಬಂತಾ?" ಎಂದು ಅವನು ಕೇಳಿದ.