ಆಫ್ ಮಾಡಿದ ಫೋನ್

ಕಬಡ್ಡಿ ಆಟಕ್ಕೆ ಮುಂಚೆ ಅಂಪೈರ್ ಭೈರಪ್ಪ ಭದ್ರಾವತಿ ತಂಡದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತ ಬಂದರು. ಕ್ಯಾಪ್ಟನ್ ಮಧುಶ್ರೀಯ ತೋಳಿನ ತಾಯಿತಕ್ಕೆ ಟೇಪ್ ಸುತ್ತಿಸಿದರು. ಇಂಪನಾಳ ತೋಳಿನ ಹಿಂಭಾಗದಲ್ಲಿ ನಾಣ್ಯದಷ್ಟಗಲದ ಬಿಳಿ ಬಿಲ್ಲೆ ಕಂಡಾಗ ನಿಂತರು.

"ಇದೇನಮ್ಮ, ಮೆಷಿನ್ನಾ? ತೆಗಿ."

ಹತ್ತನೇ ವಯಸ್ಸಿನಿಂದ ತನಗೆ ಟೈಪ್ ಒನ್ ಡಯಾಬಿಟಿಸ್ ಇದೆ, ಬಿಲ್ಲೆ ಮೈಯ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ, ಕಿತ್ತರೆ ಮತ್ತೆ ಅಂಟಿಸಲಾಗದು ಎಂದು ಇಂಪನಾ ವಿವರಿಸಿದಳು. ಭೈರಪ್ಪ ಕೇಳಿದ್ದು ಅವಳ ಮಾತು, ನೋಡಿದ್ದು ಕೋಚ್ ಯೋಗರಾಜರ ಮುಖ. ಅವಳಿಗೆ ಮೈ ಉರಿಯಿತು.

"ತಾಯಿತಕ್ಕೆ ಟೇಪ್ ಸಾಕು, ಇದಕ್ಕೆ ಸಾಲಲ್ವಾ ಸರ್?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭೈರಪ್ಪ ಗೊಣಗುತ್ತ ಬಿಲ್ಲೆಯ ಮೇಲೂ ಟೇಪ್ ಸುತ್ತಿಸಿದರು.

ಶಿವಮೊಗ್ಗದ ಒಳಾಂಗಣ ಕ್ರೀಡಾಂಗಣದಲ್ಲಿ ಅಂದು ಜಿಲ್ಲಾ ತಂಡದ ಆಯ್ಕೆ. ಮುಂದಿನ ವರ್ಷ ಇಂಪನಾಳಿಗೆ ವಯಸ್ಸು ಮೀರುತ್ತದೆ; ಇಂದಿಲ್ಲದಿದ್ದರೆ ಎಂದೂ ಇಲ್ಲ. ಆಯ್ಕೆಗಾರ್ತಿ ವೇದಾವತಿ ಎದುರಿನ ಮೇಜಿನಲ್ಲಿ ಕೂತಿದ್ದರು. ಸಕ್ಕರೆ ಇಳಿದು ಫೋನ್ ಕೂಗಿದರೆ ತಕ್ಷಣ ಕರೆಯಿರಿ ಎಂದು ಹೇಳಿ ಅವಳು ಅದನ್ನು ಯೋಗರಾಜರ ಕೈಗೆ ಕೊಟ್ಟಳು.

ಮೊದಲರ್ಧದಲ್ಲಿ ಆರು ಅಂಕ ತಂದಳು. ವೇದಾವತಿ ಎರಡು ಸಲ ಏನೋ ಬರೆದುಕೊಂಡದ್ದನ್ನು ಕಂಡಳು. ವಿರಾಮದಲ್ಲಿ ಫೋನ್ ನೂರಾ ಹತ್ತು ತೋರಿಸಿತು; ಸಕ್ಕರೆ ಸರಿಯಾಗಿಯೇ ಇತ್ತು.

ಮತ್ತೆ ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಬೆರಳು ನಡುಗತೊಡಗಿದವು. 'ಕಬಡ್ಡಿ' ಎನ್ನುವಾಗ ನಾಲಿಗೆ ತೊಡರಿತು. ಬೆಂಚಿನತ್ತ ನೋಡಿದಳು. ಯೋಗರಾಜ್ ಆಟ ನೋಡುತ್ತ ಸುಮ್ಮನೆ ಕೂತಿದ್ದರು. ಫೋನ್ ಕೂಗಿಲ್ಲ ಅಂದರೆ ಇದು ಬರೀ ಹೆದರಿಕೆ ಎಂದುಕೊಂಡು ರೈಡಿಗೆ ಹೋದಳು. ಎದುರಾಳಿ ಶಿವಮೊಗ್ಗ ತಂಡದ ಹುಡುಗಿಯೊಬ್ಬಳು ಅವಳ ಪಾದ ಹಿಡಿದು ಸಲೀಸಾಗಿ ಎಳೆದುಹಾಕಿದಳು.

ಮಧುಶ್ರೀ ಟೈಮ್‌ಔಟ್ ಕೇಳಿದಳು. ಇಂಪನಾ ಫೋನ್ ಕೇಳಿದಳು.

"ಒಂದೇ ಸಮ ಕಿರುಚ್ತಿತ್ತು ಮಾರಾಯ್ತಿ. ನಿನ್ ಗಮನ ಹಾಳಾಗುತ್ತೆ ಅಂತ ಆಫ್ ಮಾಡ್ದೆ."

ಅವಳು ಫೋನ್ ಕಿತ್ತುಕೊಂಡಳು. ಹುಡುಗಿಯರೆಲ್ಲ ನಿಂಬೆಹಣ್ಣು ಹಿಂಡಿದ ಗ್ಲೂಕೋಸ್ ನೀರು ಕುಡಿಯುತ್ತಿದ್ದರು. ಜಗ್ಗಿಗೆ ಕೈ ಚಾಚಿದಳು. ಯೋಗರಾಜ್ ಅದನ್ನು ಹಿಂದಕ್ಕೆಳೆದರು.

"ನಿಂಗೆ ಬೇಡ. ಶುಗರ್ ಇರೋಳಿಗೆ ಇದು ಕೊಟ್ಟು ಹೆಚ್ಚುಕಮ್ಮಿ ಆದ್ರೆ ನಿಮ್ಮಪ್ಪಂಗೆ ಏನು ಹೇಳ್ಲಿ ನಾನು?"

ಮೂರು ವರ್ಷದಿಂದ ಹೀಗೇ. ಎಲ್ಲರಿಗೂ ಗ್ಲೂಕೋಸ್, ಅವಳಿಗೆ ಬರೀ ನೀರು. ಸಕ್ಕರೆ ಇಳಿದಾಗ ಸಕ್ಕರೆಯೇ ಮದ್ದು ಎಂದು ಮೊದಮೊದಲು ಹೇಳಿದ್ದಳು. ಆಮೇಲೆ ಹೇಳುವುದು ಬಿಟ್ಟು, ಬ್ಯಾಗಿನಲ್ಲಿ ತನ್ನದೇ ಪೊಟ್ಟಣ ಇಟ್ಟುಕೊಂಡು ಕದ್ದು ತಿನ್ನುತ್ತಿದ್ದಳು. ಸುಮ್ಮನಿದ್ದ ಆ ಮೂರು ವರ್ಷಗಳ ಮೇಲೂ ಅವಳಿಗೆ ಈಗ ಸಿಟ್ಟು ಬಂತು. ಬೆಂಚಿನ ಮೇಲಿದ್ದ ಗ್ಲೂಕೋಸ್ ಡಬ್ಬಿಯನ್ನೇ ಕಸಿದು ಪುಡಿಯನ್ನು ಬಾಯಿಗೆ ಸುರಿದುಕೊಂಡಳು. ಜೆರ್ಸಿಯೆಲ್ಲ ಬೆಳ್ಳಗಾಯಿತು. ಫೋನ್ ಆನ್ ಮಾಡಿದಳು: ಐವತ್ತನಾಲ್ಕು, ಬಾಣ ಕೆಳಕ್ಕೆ, ಇನ್ನೂ ಇಳಿಯುತ್ತಿತ್ತು.

ಅವಳ ಜಾಗಕ್ಕೆ ಬೇರೊಬ್ಬಳು ಇಳಿದಳು. ಮೂರು ನಿಮಿಷ ಆಟ ಉಳಿದಿರುವಾಗ ಫೋನ್ ತೊಂಬತ್ತೊಂದು ತೋರಿಸಿತು. ಬಾಣ ಮೇಲಕ್ಕೆ, ಕೈ ನಡುಕ ನಿಂತಿತ್ತು. ಎದ್ದು ನಿಂತು ಫೋನನ್ನು ಯೋಗರಾಜರ ಕಣ್ಣೆದುರು ಹಿಡಿದಳು. ಕೂತ್ಕೋ ಎಂದರು. ಭದ್ರಾವತಿ ಎರಡು ಅಂಕದಿಂದ ಸೋತಿತು.

ಮೇಜಿನ ಬಳಿ ವೇದಾವತಿ ಆಯ್ಕೆಯ ಹಾಳೆಯನ್ನು ಸಹಿಗೆಂದು ಅವಳತ್ತ ತಿರುಗಿಸಿದರು. ಅವಳ ಹೆಸರಿನ ಮುಂದೆ 'ಅನಾರೋಗ್ಯದಿಂದ ಹೊರಗೆ' ಎಂದಿತ್ತು.

"ನಿನ್ನ ಒಳ್ಳೇದಕ್ಕೇ ಕಣಮ್ಮ," ಎಂದರು.

"ಅನಾರೋಗ್ಯ ಅಂತ ಯಾರು ಹೇಳಿದ್ದು ಮೇಡಂ?"

ವೇದಾವತಿ ಯೋಗರಾಜರತ್ತ ನೋಡಿದರು. ಅಷ್ಟು ಸಾಕಾಗಿತ್ತು. ಇಂಪನಾ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು. ಫೋನ್ ಆಫ್ ಆಗಿದ್ದಾಗಲೂ ಬಿಲ್ಲೆ ಅಳೆಯುತ್ತಲೇ ಇತ್ತು. ಎಲ್ಲ ಅಂಕಿಗಳೂ ಈಗ ಪರದೆಯ ಮೇಲಿದ್ದವು. ನೋಡಿಕೊಂಡು ಕೆಳಗೆ ಬರೆದಳು: ನಾಲ್ಕು ಹತ್ತಕ್ಕೆ 68, ಫೋನ್ ಕೂಗಿತು, ಕೋಚ್ ಆಫ್ ಮಾಡಿದರು. ನಾಲ್ಕು ಹದಿನೆಂಟಕ್ಕೆ 54, ಗ್ಲೂಕೋಸ್ ಕೇಳಿದೆ, ಕೊಡಲಿಲ್ಲ. ನಾಲ್ಕು ಮೂವತ್ತಮೂರಕ್ಕೆ 91, ಆಡಿಸಲಿಲ್ಲ.

ಸಹಿ ಹಾಕಿ ಪೆನ್ನನ್ನು ಯೋಗರಾಜರತ್ತ ಚಾಚಿದಳು.

"ಇದ್ರಲ್ಲಿ ಸುಳ್ಳಿದ್ರೆ ಹೇಳಿ ಸರ್. ಇಲ್ದಿದ್ರೆ ಸೈನ್ ಮಾಡಿ."

ಭದ್ರಾವತಿ ಬಸ್ಸಿಗೆ ಹೊತ್ತಾಯಿತು ಎಂದರು ಅವರು. ಬಸ್ಸು ಹೋದರೆ ಹೋಗಲಿ ಎಂದಳು. ವೇದಾವತಿ ಹಾಳೆಯನ್ನು ತಮ್ಮತ್ತ ಎಳೆದುಕೊಂಡು ಮತ್ತೊಮ್ಮೆ ಮೊದಲಿನಿಂದ ಓದತೊಡಗಿದರು. ಇಂಪನಾ ಚಾಚಿದ ಕೈ ಇಳಿಸಲಿಲ್ಲ.